ಬೋಟ್ ಬಂತು, ಮೋಟರ್ ಖರ್ಚು ಯಾರ ಲೆಕ್ಕಕ್ಕೆ?

ಮೂಡಲಗಿ: ದನದ ಪ್ಯಾಟಿಯಿಂದ ಎಮ್ಮೆ ಹೊಡ್ಕೊಂಡು ಬರೋ ರೈತ ಮನೆ ಮುಟ್ಟುವ ಮೊದಲೇ ಮೇವು, ಹಿಂಡಿ ಲೆಕ್ಕ ಹಾಕಿರ್ತಾನೆ. ಬೋಟ್ ಕೊಳ್ಳುವಾಗ ಮಾತ್ರ ಈ ಲೆಕ್ಕ ಮರೆತು ಹೋಗುತ್ತದೆ. ರೇಟ್ ಕೇಳ್ತಾರೆ, ಎಷ್ಟು ಎಚ್‌ಪಿ ಅಂತ ಕೇಳ್ತಾರೆ. ಮೋಟರ್ ಸಾಕೋಕೆ ವರ್ಷಕ್ಕೆ ಎಷ್ಟು ಬೇಕು ಅಂತ ಕೇಳೋರು ಕಡಿಮೆ.

2019ರ ಆಗಸ್ಟ್, 2021ರ ಜುಲೈ, 2024ರ ಜುಲೈ. ಮೂರೂ ಸಲ ಘಟಪ್ರಭಾ ಉಕ್ಕಿ ಗೋಕಾಕದ ಲೋಳಸೂರ ಸೇತುವೆ ಮುಳುಗಿತು. ನೀರು ಏರಿದಾಗೆಲ್ಲ ಸುಣಧೋಳಿ, ಮುಸಗುಪ್ಪಿ, ಪಟಗುಂದಿ, ಅವರಾದಿ ಕಡೆಯ ಹೊಳೆದಂಡೆ ಜನರಿಗೆ ಜೀವ ಕೈಯಲ್ಲಿ. ಹೊಳೆದಂಡೆಯ ಊರಿಗೊಂದು ಬೋಟ್ ಇರಲಿ ಅನ್ನೋದು ನ್ಯಾಯವಾದ ಮಾತೇ. ಇತ್ತ ಹಿಡಕಲ್ ಹಿನ್ನೀರಿನಲ್ಲಿ ತೆಪ್ಪ ಬಿಟ್ಟು ಇಂಜಿನ್ ಬೋಟಿಗೆ ಬರುವ ಮೀನುಗಾರನ ಆಸೆಯೂ ತಪ್ಪಲ್ಲ. ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 40, ಎಸ್‌ಸಿ, ಎಸ್‌ಟಿ ಮತ್ತು ಮಹಿಳೆಯರಿಗೆ ಶೇ 60ರವರೆಗೆ ಸಹಾಯಧನ ಇದೆ. ಆದರೆ ಅದು ಖರೀದಿಗೆ. ಮುಂದಿನ ವರ್ಷದ ರಿಪೇರಿ ಕೊಂಡವನ ತಲೆ ಮೇಲೆಯೇ.

ಬೋಟಿನ ಹಿಂದೆ ತೂಗುಹಾಕುವ ಈ ಮೋಟರನ್ನು ಓಬಿಎಂ ಅಂತಾರೆ. ಇದು ಕೆಡೋದು ಓಡಿಸಿದ್ದಕ್ಕಿಂತ ನಿಲ್ಲಿಸಿದ್ದಕ್ಕೆ ಹೆಚ್ಚು. ನೆರೆ ಬರೋದು ವರ್ಷದಲ್ಲಿ ಒಂದೆರಡು ವಾರ, ಉಳಿದ ಕಾಲ ಮೋಟರ್ ಗೋಡೌನ್‌ನಲ್ಲಿ. ಟ್ಯಾಂಕಿನಲ್ಲಿ ಪೆಟ್ರೋಲ್ ಹಾಗೇ ಬಿಟ್ಟರೆ ಕಾರ್ಬ್ಯುರೇಟರ್‌ನಲ್ಲಿ ಅಂಟು ಕಟ್ಟುತ್ತದೆ. ಈಗ ಪೆಟ್ರೋಲಿನಲ್ಲಿ ಶೇ 20 ಎಥೆನಾಲ್. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ಹೆಚ್ಚಾದರೆ ನೀರಿನ ಜೊತೆ ಕೆಳಗೆ ಕೂತುಬಿಡುತ್ತದೆ. ನಮ್ಮ ಭಾಗದ ಕಬ್ಬಿಗೆ ಬೆಲೆ ಕೊಟ್ಟ ಎಥೆನಾಲೇ ನಮ್ಮ ಬೋಟಿನ ಇಂಜಿನ್‌ಗೆ ತಲೆನೋವು! ಮೋಟರ್ ಎತ್ತಿಡುವ ಮುನ್ನ ಪೈಪ್ ಕಳಚಿ, ಕಾರ್ಬ್ಯುರೇಟರ್ ಖಾಲಿಯಾಗುವವರೆಗೆ ಓಡಿಸಿ ನಿಲ್ಲಿಸಬೇಕು. ಇದಕ್ಕೆ ಖರ್ಚೇ ಇಲ್ಲ.

ಖರ್ಚು ಬರೋದು ಇಂಪೆಲ್ಲರ್‌ನಿಂದ. ಇಂಜಿನ್ ತಣ್ಣಗಿಡಲು ಹೊಳೆ ನೀರು ಎಳೆಯುವ ರಬ್ಬರ್ ಚಕ್ರ ಇದು. ಪಂಪ್‌ಸೆಟ್ ಇಟ್ಟವರಿಗೆ ನೀರಿಲ್ಲದೆ ಓಡಿಸಿದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ಇಲ್ಲಿಯೂ ಅದೇ, ನೀರಿಲ್ಲದೆ ಸ್ವಲ್ಪ ಹೊತ್ತು ಓಡಿದರೂ ರಬ್ಬರ್ ಸುಟ್ಟು ಹೋಗುತ್ತದೆ. ನೆರೆಯ ರಾಡಿ ನೀರು ಅದನ್ನು ಇನ್ನೂ ಬೇಗ ಸವೆಸುತ್ತದೆ. ಮೋಟರ್ ಹಿಂದಿನ ಸಣ್ಣ ರಂಧ್ರದಿಂದ ನೀರು ಪಿಚಕಾರಿ ಹಾಗೆ ಹೊರಗೆ ಬೀಳುತ್ತಿದ್ದರೆ ಸರಿ, ನಿಂತರೆ ಇಂಜಿನ್ ಆಫ್ ಮಾಡಬೇಕು. ವರ್ಷಕ್ಕೆ, ಹೆಚ್ಚೆಂದರೆ ಎರಡು ವರ್ಷಕ್ಕೊಮ್ಮೆ ಬದಲಿಸುವ ಈ ಬಿಡಿಭಾಗ ಬಿಟ್ಟರೆ ಇಂಜಿನ್ ಜಾಮ್ ಆಗಿ ಹೊಸದರ ಖರ್ಚೇ ಎದುರಾಗುತ್ತದೆ. ಇನ್ನು ಪ್ಲಗ್, ಫಿಲ್ಟರ್, ಗೇರ್ ಆಯಿಲ್ ಇದ್ದೇ ಇವೆ. ತೆಗೆದ ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಹೋಗಿದೆ, ನೀರು ನುಗ್ಗಿದೆ ಅಂತ ಅರ್ಥ. ಪ್ರೊಪೆಲ್ಲರ್‌ಗೆ ಕಬ್ಬಿನ ರವದಿ, ಹರಿದ ಬಲೆ ಸುತ್ತಿಕೊಳ್ಳುವುದು ಬೇರೆ.

ಇಂಧನದ ಲೆಕ್ಕ ಸುಲಭ. ಹತ್ತು ಎಚ್‌ಪಿ ಮೋಟರ್ ಪೂರ್ತಿ ಆಕ್ಸಿಲರೇಟರ್ ಕೊಟ್ಟರೆ ತಾಸಿಗೆ ಸುಮಾರು 4 ಲೀಟರ್ ಕುಡಿಯುತ್ತದೆ. ನಾಲ್ಕು ತಾಸಿಗೆ 16 ಲೀಟರ್, ಅಂದರೆ 1,600 ರೂಪಾಯಿ ಮೇಲೆ. ಟೂ ಸ್ಟ್ರೋಕ್ ಆದರೆ, 50 ಲೀಟರ್ ಪೆಟ್ರೋಲಿಗೆ 1 ಲೀಟರ್ ಆಯಿಲ್ ಲೆಕ್ಕದಲ್ಲಿ 320 ಎಂಎಲ್ ಸೇರಿಸಬೇಕು. ಹೊಸ ಮೋಟರಿಗೆ ಮೊದಲ ಹತ್ತು ತಾಸು ಆಯಿಲ್ ಇದಕ್ಕಿಂತ ಜಾಸ್ತಿ, ವೇಗ ಕಡಿಮೆ. ಇದನ್ನು ಕಂಪನಿಯ ಪುಸ್ತಕದಲ್ಲಿ ಬರೆದಿರ್ತಾರೆ, ಓದೋರು ಯಾರು?

ಒಂದೂವರೆ ಲಕ್ಷದ ಮೋಟರ್ ಅಂತ ಇಟ್ಟುಕೊಳ್ಳಿ. ಅದರ ಹತ್ತನೇ ಒಂದು ಭಾಗ, 15 ಸಾವಿರ, ಇಂಧನ ಬಿಟ್ಟು ವರ್ಷದ ನಿರ್ವಹಣೆಗೆ ತೆಗೆದಿಡುವುದು ಜಾಣತನ. ಪಂಚಾಯಿತಿ ಬೋಟ್ ಆದರೆ ಬಜೆಟ್‌ನಲ್ಲಿಯೇ ಇದು ಬರಬೇಕು. ಇಲ್ಲದಿದ್ದರೆ 300 ರೂಪಾಯಿ ಪ್ಲಗ್ಗಿಗೂ ಫೈಲ್ ಓಡಾಡಬೇಕಾಗುತ್ತದೆ.

ಇನ್ನೊಂದು ಪೇಚು ಮೆಕ್ಯಾನಿಕ್‌ನದು. ಮೋಟರ್ ರಿವೈಂಡ್ ಮಾಡುವವರು ನಮ್ಮ ಕಡೆ ಓಣಿಗೊಬ್ಬರು ಸಿಗಬಹುದು, ಓಬಿಎಂ ಬಿಚ್ಚುವವರು ಹಾಗಲ್ಲ. ಕಾರವಾರ, ಮಲ್ಪೆ ಕಡೆಯಿಂದ ಕರೆಸಿದರೆ ಬಂದುಹೋಗುವ ಖರ್ಚೇ ಬಿಡಿಭಾಗದ ಖರ್ಚು ಮೀರುತ್ತದೆ. ಅದರ ಮೇಲೆ, ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆ ನಿಷೇಧ. ಅಲ್ಲಿನವರು ಬೋಟ್ ದಡಕ್ಕೆ ಎಳೆದು ರಿಪೇರಿಗೆ ಕೂಡುವ ಕಾಲ ಅದು. ನಮ್ಮ ಹೊಳೆ ತುಂಬೋದೂ ಆಗಲೇ. ಹೀಗಾಗಿ ಸರ್ವಿಸ್ ಏಪ್ರಿಲ್, ಮೇನಲ್ಲೇ ಮುಗಿಯಬೇಕು. ಊರಿನ ಒಬ್ಬ ಬೈಕ್ ಮೆಕ್ಯಾನಿಕ್ ಹುಡುಗನಿಗೆ ಒಂದು ಸಲ ತರಬೇತಿ ಕೊಡಿಸಿದರೆ ಅರ್ಧ ಕೆಲಸ ಇಲ್ಲೇ ಆಗುತ್ತದೆ.

ಬೋಟ್ ಇರುವವರು ಹಿಡಕಲ್ ತುಂಬುವ ಮೊದಲು ದೊಡ್ಡ ಡ್ರಮ್ಮಿಗೆ ನೀರು ಹಾಕಿ, ಮೋಟರ್ ಇಳಿಸಿ, ಹತ್ತು ನಿಮಿಷ ಸ್ಲೋನಲ್ಲಿ ಓಡಿಸಿ ನೋಡಬಹುದು. ಅರ್ಧ ಲೀಟರ್ ಪೆಟ್ರೋಲ್ ಸಾಕು. ಪಿಚಕಾರಿ ಬರದಿದ್ದರೆ ಇಂಪೆಲ್ಲರ್ ತರಿಸಲು ಇನ್ನೂ ಟೈಮ್ ಇರುತ್ತದೆ.