ರೋಗಿ ಬೀಳದಿರಲು ಅಂಕ ಸಾಲದು, ಆಸರೆ ಬೇಕು

ರಾತ್ರಿ ಎರಡು ಗಂಟೆ. ನ್ಯುಮೋನಿಯಾಕ್ಕೆಂದು ದಾಖಲಾದ ಅಜ್ಜನಿಗೆ ಮೂತ್ರದ ಅವಸರ. ಮಂಚದ ಪಕ್ಕ ಚಾಪೆಯ ಮೇಲೆ ಮಗಳು ಆಗಷ್ಟೇ ಕಣ್ಣು ಮುಚ್ಚಿದ್ದಾಳೆ, ಎಬ್ಬಿಸಲು ಮನಸ್ಸಾಗದು. ಸಿಸ್ಟರ್ ವಾರ್ಡಿನ ಇನ್ನೊಂದು ತುದಿಯಲ್ಲಿ ಇಂಜೆಕ್ಷನ್ ಕೊಡುತ್ತಿದ್ದಾರೆ. ಅಜ್ಜ ಡ್ರಿಪ್ ಸ್ಟ್ಯಾಂಡ್ ಹಿಡಿದು ತಾವೇ ಹೊರಡುತ್ತಾರೆ. ಶೌಚಾಲಯದ ಹೊಸ್ತಿಲಿಗೆ ಸ್ಟ್ಯಾಂಡಿನ ಗಾಲಿ ತಡೆಯುತ್ತದೆ, ನೆಲ ಒದ್ದೆಯಾಗಿದೆ. ಸೊಂಟದ ಮೂಳೆ ಮುರಿದರೆ ವಾರದಲ್ಲಿ ಮನೆ ಸೇರಬೇಕಾದವರು ತಿಂಗಳುಗಟ್ಟಲೆ ಹಾಸಿಗೆ ಹಿಡಿಯುತ್ತಾರೆ.

ಇಂಥ ಬೀಳುವಿಕೆಯನ್ನು ತಡೆಯುವುದು ಹೇಗೆಂದು ನರ್ಸಿಂಗ್ ಸಂಶೋಧನೆ ದಶಕಗಳಿಂದ ಹುಡುಕುತ್ತಿದೆ. ಅದು ಮೊದಲು ಕೇಳಿಕೊಂಡ ಪ್ರಶ್ನೆ: ಬೀಳುವವರು ಯಾರು? 1989ರಲ್ಲಿ ಕೆನಡಾದ ಜಾನಿಸ್ ಮೋರ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಮಾಪಕ ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಆರು ಅಂಶಗಳು, ಒಟ್ಟು 125 ಅಂಕ. ಅನೇಕ ಆಸ್ಪತ್ರೆಗಳಲ್ಲಿ 45 ಮುಟ್ಟಿದರೆ ಹೆಚ್ಚಿನ ಅಪಾಯ. ಮೇಲಿನ ಅಜ್ಜನಿಗೇ ಲೆಕ್ಕ ಹಾಕೋಣ. ಜೊತೆಗೆ ಸಕ್ಕರೆ ಕಾಯಿಲೆಯೂ ಇದ್ದರೆ 15, ಡ್ರಿಪ್‌ಗೆ 20, ನಡಿಗೆ ನಿಶ್ಶಕ್ತವಾಗಿದ್ದರೆ 10. ಆಗಲೇ 45 ಆಯಿತು. ನಮ್ಮ ಯಾವುದೇ ಮೆಡಿಕಲ್ ವಾರ್ಡಿನಲ್ಲಿ ಇಂಥವರು ಸಾಲಾಗಿ ಮಲಗಿರುತ್ತಾರೆ. ಎಲ್ಲರೂ ಅಪಾಯದಲ್ಲಿದ್ದಾರೆ ಎಂದು ಹೇಳುವ ಅಂಕದಿಂದ ಸಿಸ್ಟರ್‌ಗೆ ಸಿಗುವ ಹೊಸ ತಿಳಿವಳಿಕೆ ಏನು?

ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2013ರಲ್ಲೇ, ಒಳರೋಗಿಗಳಿಗೆ ಇಂಥ ಮುನ್ಸೂಚನೆಯ ಅಂಕಗಳು ಬೇಡ, 65 ವರ್ಷ ತುಂಬಿದ ಎಲ್ಲರನ್ನೂ ಅಪಾಯದಲ್ಲಿರುವವರೆಂದೇ ನೋಡಿಕೊಳ್ಳಿ ಎಂದಿತು. ಯಂತ್ರಗಳ ಮೇಲಿನ ಭರವಸೆಯೂ ಕುಸಿದಿದೆ. ರೋಗಿ ಎದ್ದರೆ ಕೂಗುವ ಹಾಸಿಗೆ ಅಲಾರಂಗಳನ್ನು ಅಮೆರಿಕದ ಆಸ್ಪತ್ರೆಯೊಂದರ 16 ವಾರ್ಡ್‌ಗಳಲ್ಲಿ ಪರೀಕ್ಷಿಸಲಾಯಿತು. ಅಲಾರಂ ಬಳಕೆ ಹೆಚ್ಚಿತು, ಬೀಳುವುದು ಕಡಿಮೆಯಾಗಲಿಲ್ಲ ಎಂಬ ವರದಿ 2012ರಲ್ಲಿ ಬಂತು. ಆಸ್ಟ್ರೇಲಿಯಾದ ಆರು ಆಸ್ಪತ್ರೆಗಳ 24 ವಾರ್ಡ್‌ಗಳಲ್ಲಿ ನಡೆದ ‘ಸಿಕ್ಸ್‌ ಪ್ಯಾಕ್’ ಅಧ್ಯಯನ ಅಂಕ, ಎಚ್ಚರಿಕೆ ಫಲಕ, ತಗ್ಗು ಮಂಚ, ಅಲಾರಂ ಎಲ್ಲವನ್ನೂ ಒಟ್ಟಿಗೆ ಪ್ರಯೋಗಿಸಿತು. 2016ರಲ್ಲಿ ಹೊರಬಂದ ಫಲಿತಾಂಶ: ವ್ಯತ್ಯಾಸವಿಲ್ಲ.

ಹಾಗಾದರೆ ಫಲ ಕೊಟ್ಟದ್ದು ಯಾವುದು? ಬಾಸ್ಟನ್ನಿನ ನರ್ಸ್ ಸಂಶೋಧಕಿ ಪೆಟ್ರೀಷಿಯಾ ಡೈಕ್ಸ್ ಅವರ ತಂಡ ಮಾಡಿದ್ದು ಸರಳ ಕೆಲಸ. ಈ ರೋಗಿ ಏಕೆ ಬೀಳಬಹುದು, ಅದಕ್ಕೆ ಏನು ಮಾಡಬೇಕು ಎಂಬುದನ್ನು ರೋಗಿ ಮತ್ತು ಮನೆಯವರ ಜೊತೆ ಕೂತು ಗುರುತಿಸಿ, ಚಿತ್ರಗಳಿರುವ ಹಾಳೆಯನ್ನು ಹಾಸಿಗೆಯ ಬಳಿ ತೂಗುಹಾಕುವುದು. ಬಾಸ್ಟನ್ ಮತ್ತು ನ್ಯೂಯಾರ್ಕ್‌ನ 14 ವಾರ್ಡ್‌ಗಳ 37,231 ರೋಗಿಗಳ ಮೇಲಿನ ಈ ಅಧ್ಯಯನದ ವರದಿ 2020ರಲ್ಲಿ ಪ್ರಕಟವಾಯಿತು. ಬೀಳುವಿಕೆ ಶೇ 15ರಷ್ಟು, ಬಿದ್ದು ಗಾಯಗೊಳ್ಳುವುದು ಶೇ 34ರಷ್ಟು ಕಡಿಮೆಯಾಗಿತ್ತು.

ಇಲ್ಲಿಯೇ ನಮ್ಮ ಸಂಶೋಧಕರು ಕಣ್ತೆರೆಯಬೇಕು. ಪಶ್ಚಿಮದ ವಾರ್ಡಿನಲ್ಲಿ ರಾತ್ರಿ ಮನೆಯವರು ಇರುವುದು ಅಪರೂಪ. ನಮ್ಮಲ್ಲಿ ರೋಗಿಯನ್ನು ಎತ್ತಿ ಕೂರಿಸುವುದು, ಶೌಚಕ್ಕೆ ಕರೆದೊಯ್ಯುವುದು, ಡ್ರಿಪ್ ಮುಗಿಯಿತೆಂದು ಓಡಿ ಹೋಗಿ ಹೇಳುವುದು, ಇವೆಲ್ಲವನ್ನೂ ಮಾಡುವವರು ರೋಗಿಯ ಕಡೆಯವರೇ. ಮಾತ್ರೆ ನುಂಗಿದ ಮೇಲೆ ತಲೆ ಸುತ್ತಬಹುದು, ಎದ್ದ ಕೂಡಲೇ ನಡೆಸಬೇಡಿ, ಒಂದು ನಿಮಿಷ ಕಾಲು ಇಳಿಬಿಟ್ಟು ಕೂರಿಸಿ ಎಂದು ಅವರಿಗೆ ಹೇಳುವವರು ಯಾರು? ನಮ್ಮ ಸಂಶೋಧನೆ ಪರೀಕ್ಷಿಸಬೇಕಾದ್ದು ಇದನ್ನೇ. ಆದರೆ ನಮ್ಮ ಎಂ.ಎಸ್ಸಿ. ನರ್ಸಿಂಗ್ ಪ್ರಬಂಧಗಳಲ್ಲಿ ಬಹಳಷ್ಟು ಇನ್ನೂ ಒಂದೇ ಅಚ್ಚಿನವು: ಪಾಠಕ್ಕೆ ಮುನ್ನ ಒಂದು ಪ್ರಶ್ನಾವಳಿ, ಪಾಠದ ನಂತರ ಅದೇ ಪ್ರಶ್ನಾವಳಿ, ‘ಜ್ಞಾನ ಹೆಚ್ಚಿತು’ ಎಂಬ ತೀರ್ಮಾನ. ವಾರ್ಡಿನಲ್ಲಿ ಬಿದ್ದವರ ಸಂಖ್ಯೆ ಇಳಿಯಿತೇ ಎಂಬುದನ್ನು ಅಳೆಯದ ಅಧ್ಯಯನದಿಂದ ರೋಗಿಗೆ ಸಿಗುವುದೇನೂ ಇಲ್ಲ.

ಅಳೆಯಲು ಸರಿಯಾದ ದಾಖಲೆ ಬೇಕು. ಎನ್‌ಎಬಿಎಚ್ ಗುಣಮಟ್ಟ ಮಾನ್ಯತೆ ಬಯಸುವ ಆಸ್ಪತ್ರೆ ಬಿದ್ದ ಪ್ರಕರಣಗಳ ಲೆಕ್ಕ ಇಡಬೇಕು, ನಿಜ. ಆದರೆ ವರದಿ ಬರೆದ ಸಿಸ್ಟರ್ ಮೇಲೆಯೇ ಮೆಮೊ ಬರುವ ಕಡೆ ಯಾರು ಪ್ರಾಮಾಣಿಕವಾಗಿ ಬರೆದಾರು? ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ಬೋಧಕ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂರು ಹಾಸಿಗೆಗೆ, ಇತರೆಡೆ ಐದು ಹಾಸಿಗೆಗೆ ಒಬ್ಬ ನರ್ಸ್ ಇರಬೇಕು. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡನ್ನು ಒಬ್ಬಿಬ್ಬರ ಹೆಗಲಿಗೇರಿಸಿ, ಬಿದ್ದವರಿಗೆ ಅವರನ್ನೇ ಹೊಣೆ ಮಾಡುವುದು ಅನ್ಯಾಯ. ಆರೋಗ್ಯ ಇಲಾಖೆ ಮತ್ತು ನರ್ಸಿಂಗ್ ಕಾಲೇಜುಗಳು ಸೇರಿ, ಶಿಕ್ಷೆಯ ಭಯವಿಲ್ಲದ ವರದಿ ವ್ಯವಸ್ಥೆ ಮತ್ತು ರೋಗಿಯ ಕಡೆಯವರಿಗೆ ಕನ್ನಡದಲ್ಲಿ ಚಿತ್ರಸಹಿತ ತಿಳಿವಳಿಕೆ, ಇವೆರಡನ್ನು ಕೆಲವು ಜಿಲ್ಲಾಸ್ಪತ್ರೆಗಳಲ್ಲಾದರೂ ಪ್ರಯೋಗಿಸಿ, ಬಂದ ಫಲಿತಾಂಶವನ್ನು ಜನರ ಮುಂದಿಡಬೇಕು.