ಸುರುಳಿಯೂ ಬತ್ತಿಯೂ

ವಿದ್ಯಾರ್ಥಿಗಳಲ್ಲಿ ಈಚೆಗೆ ಕೇಳಿಬರುತ್ತಿರುವ ಒಂದು ಹವ್ಯಾಸದ ವಿಷಯದಲ್ಲಿ ಅಧ್ಯಾಪಕರಾದ ನಾವು ಮೌನವಾಗಿರುವುದು ಉಚಿತವಲ್ಲವೆಂದು ನಮ್ಮ ಅಭಿಪ್ರಾಯ. ಇ-ಸಿಗರೇಟು ಎಂಬ ಉಪಕರಣದ ಒಳಗಣ ತಂತಿಯ ಸುರುಳಿಯನ್ನು ತಾವೇ ಸುತ್ತಿ, ಅದರಲ್ಲಿ ಹತ್ತಿಯ ಬತ್ತಿಯನ್ನು ತೂರಿಸಿ, ದ್ರವವನ್ನು ಕಾಯಿಸಿ ಆವಿಯನ್ನು ಸೇದುವುದೇ ಈ ಹವ್ಯಾಸ. ಇದು ಚಟವಲ್ಲ, ವಿಜ್ಞಾನ. ಓಮನ ನಿಯಮವನ್ನು ಬಲ್ಲವನಿಗೆ ಭಯವಿಲ್ಲ ಎಂದು ವಾದಿಸುವ ತರುಣರಿದ್ದಾರೆ. ಇವರಿಗೆ ಹಿರಿಯರಿಂದ ದೊರೆಯುವ ಉತ್ತರವಾದರೋ ಬರಿಯ ಗದರಿಕೆ. ಗದರಿಕೆಯಿಂದ ಕುತೂಹಲ ಅಡಗಿದ್ದುಂಟೆ?

ಕಾನೂನಿನ ಮಾತನ್ನು ಮೊದಲು ಹೇಳಿ ಮುಗಿಸೋಣ. ಕರ್ನಾಟಕ ಸರ್ಕಾರವು 2016ರಲ್ಲಿಯೇ ಈ ಉಪಕರಣವನ್ನು ನಿಷೇಧಿಸಿತು. 2019ರ ಕೇಂದ್ರ ಶಾಸನವು ಇದರ ತಯಾರಿಕೆ, ಆಮದು, ಮಾರಾಟ, ಸಂಗ್ರಹ, ಜಾಹೀರಾತುಗಳನ್ನು ದೇಶದಾದ್ಯಂತ ನಿಷೇಧಿಸಿದೆ. ತಯಾರಿಕೆ, ಮಾರಾಟಗಳ ವಿಷಯದಲ್ಲಿ ಬಿಡಿಭಾಗಕ್ಕೂ ಅದೇ ನಿಷೇಧ. ಈ ನಿಷೇಧ ನ್ಯಾಯವಾದುದೆಂದೇ ನಾವು ಭಾವಿಸುತ್ತೇವೆ. ಆದರೆ ಉಪಕರಣ ನಿಷಿದ್ಧವಾದ ಮಾತ್ರಕ್ಕೆ ಅದರ ಭೌತಶಾಸ್ತ್ರವೂ ನಿಷಿದ್ಧವಾಗಬೇಕಿಲ್ಲ.

ಓಮನ ನಿಯಮವನ್ನೇ ನೋಡೋಣ. ಪೂರ್ತಿ ತುಂಬಿದ ಲಿಥಿಯಂ ಕೋಶದ ವಿಭವಾಂತರ 4.2 ವೋಲ್ಟ್. ಸುರುಳಿಯ ರೋಧ 1 ಓಮ್ ಇದ್ದರೆ ಪ್ರವಾಹ 4.2 ಆಂಪಿಯರ್, ಉಷ್ಣ ಹುಟ್ಟುವ ದರ ಸುಮಾರು 18 ವಾಟ್. ಆವಿ ಹೆಚ್ಚಲೆಂದು ರೋಧವನ್ನು 0.2 ಓಮಿಗೆ ಇಳಿಸಿದರೆ ಲೆಕ್ಕದಲ್ಲಿ 21 ಆಂಪಿಯರ್, 88 ವಾಟ್! ನಮ್ಮ ಮನೆಗಳಲ್ಲಿ ನೀರು ಕಾಯಿಸುವ ದೊಡ್ಡ ಪ್ಲಗ್ಗಿನ ಮಿತಿಯೇ 16 ಆಂಪಿಯರ್ ಎಂಬುದನ್ನು ವಾಚಕರು ನೆನೆಯಲಿ. ಆ ಪ್ರವಾಹವನ್ನು ಕಿರುಬೆರಳಿಗಿಂತ ತುಸು ದಪ್ಪನಾದ ಕೋಶವೊಂದು ತಡೆದೀತೇ ಎಂಬ ಪ್ರಶ್ನೆಗೆ ಈ ಭಾಗಾಕಾರದಲ್ಲಿ ಉತ್ತರವಿಲ್ಲ. ಕೋಶಕ್ಕೆ ತನ್ನದೇ ಆದ ಆಂತರಿಕ ರೋಧವಿದೆ. ಸುರುಳಿಯೊಡನೆ ಕೋಶವೂ ಕಾಯುತ್ತದೆ. ಮಿತಿಮೀರಿ ಕಾದ ಲಿಥಿಯಂ ಕೋಶ ಹೊತ್ತಿಕೊಳ್ಳುವುದುಂಟು. ಅರ್ಧ ಪಾಠವನ್ನು ಕಲಿತವನ ಧೈರ್ಯ ಏನೂ ಕಲಿಯದವನ ಭಯಕ್ಕಿಂತ ಅಪಾಯಕರವಾಗುವುದು ಇಲ್ಲಿಯೇ.

ಇನ್ನು ಬತ್ತಿ. ಪಠ್ಯಪುಸ್ತಕಗಳಲ್ಲಿ ಲೋಮನಾಳಕ್ರಿಯೆಗೆ ಉದಾಹರಣೆಯೆಂದು ಒಂದೇ ಸಾಲಿನಲ್ಲಿ ಮುಗಿದುಹೋಗುವ ಈ ವಸ್ತುವಿನಲ್ಲಿ ಎಷ್ಟೊಂದು ವಿಚಾರ ಅಡಗಿದೆ! ನಮ್ಮ ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಭೀಮಾ ನದಿಯ ದಡದ ಚಂದ್ರಲಾಂಬೆಯ ಗುಡಿಗೆ ಹೋದವರು ಎಣ್ಣೆಯ ದೀಪವನ್ನು ಕಂಡೇ ಇರುತ್ತಾರೆ. ಹಣತೆಯಲ್ಲಿ ಬತ್ತಿ ಎಣ್ಣೆಯಲ್ಲಿಯೇ ಮಲಗಿರುತ್ತದೆ, ಜ್ವಾಲೆ ಅಂಚಿಗಂಟಿಯೇ ಉರಿಯುತ್ತದೆ. ಸೀಮೆ ಎಣ್ಣೆಯ ಕಂದೀಲಿನಲ್ಲಾದರೋ ಬತ್ತಿ ಎಣ್ಣೆಯ ಮಟ್ಟದಿಂದ ಬಹಳ ಮೇಲೆ ನಿಂತಿರುತ್ತದೆ. ಈ ಭೇದವೇಕೆ? ದ್ರವ ಎಷ್ಟು ಎತ್ತರಕ್ಕೆ ಏರಬಲ್ಲುದೆಂಬುದನ್ನು ಅದರ ಮೇಲ್ಮೈ ಎಳೆತ, ಸಾಂದ್ರತೆ, ಎಳೆಗಳ ನಡುವಣ ಸಂದಿನ ಕಿರಿದುತನ ನಿರ್ಧರಿಸುತ್ತವೆ. ಎಷ್ಟು ಬೇಗ ಏರುವುದೆಂಬುದನ್ನು ಸ್ನಿಗ್ಧತೆ ನಿರ್ಧರಿಸುತ್ತದೆ. ಸೀಮೆ ಎಣ್ಣೆ ತೆಳು, ಔಡಲೆಣ್ಣೆ ಮಂದ. ಇ-ಸಿಗರೇಟಿನ ದ್ರವದ ಒಂದು ಅಂಶವಾದ ಗ್ಲಿಸರಿನ್ನಿನ ಸ್ನಿಗ್ಧತೆಯಂತೂ 20 ಡಿಗ್ರಿ ಸೆಂಟಿಗ್ರೇಡಿನಲ್ಲಿ ನೀರಿನದಕ್ಕಿಂತ ಸಾವಿರಪಟ್ಟಿಗೂ ಮಿಗಿಲು.

ಬತ್ತಿಯ ಆಯ್ಕೆಯಲ್ಲಿಯೂ ಸ್ವಾರಸ್ಯವಿದೆ. ಹೊಲದಿಂದ ಬಿಡಿಸಿ ತಂದ ಹತ್ತಿಯ ಎಳೆಗೆ ತೆಳುವಾದ ಮೇಣದ ಲೇಪವಿರುತ್ತದೆ. ನೀರು ಅದನ್ನು ಒದ್ದೆ ಮಾಡಲಾರದು. ಎಣ್ಣೆಗೆ ಮೇಣ ಅಡ್ಡಿಯಲ್ಲವಾದ್ದರಿಂದ ಅಜ್ಜಿಯರು ಹೊಸೆದ ಬತ್ತಿಗೆ ಆ ಹತ್ತಿಯೇ ಸಾಕು. ಗ್ಲಿಸರಿನ್ ನೀರಿನ ಜಾತಿಯದು. ಅದಕ್ಕೆ ಕ್ಷಾರದಲ್ಲಿ ಕುದಿಸಿ ಮೇಣ ಕಳೆದ ಹತ್ತಿ ಬೇಕು.

ಬತ್ತಿ ತೋಯ್ದಿರುವಷ್ಟು ಕಾಲ ಸುರುಳಿಯ ಉಷ್ಣದ ಬಹುಭಾಗ ದ್ರವವನ್ನು ಆವಿಯಾಗಿಸುವುದರಲ್ಲಿಯೇ ವ್ಯಯವಾಗಿ, ಉಷ್ಣತೆಯು ಕುದಿಬಿಂದುವಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಆವಿಯಾಗುವ ವೇಗಕ್ಕೆ ಸಮನಾಗಿ ಮಂದವಾದ ದ್ರವ ಏರಿಬರದಿದ್ದರೆ ಬತ್ತಿ ಒಣಗುತ್ತದೆ, ಉಷ್ಣತೆ ಒಮ್ಮೆಲೆ ಜಿಗಿಯುತ್ತದೆ. ಎಣ್ಣೆ ತೀರಿದ ಹಣತೆಯಲ್ಲಿ ಬತ್ತಿಯೇ ಸುಡುವುದನ್ನು ಯಾರು ಕಂಡಿಲ್ಲ? ಇಲ್ಲಿ ಹತ್ತಿ ಕರಕಾಗುವುದಲ್ಲದೆ ಗ್ಲಿಸರಿನ್ ಒಡೆದು ಅಕ್ರೋಲಿನ್, ಫಾರ್ಮಾಲ್ಡಿಹೈಡ್ ಹುಟ್ಟುತ್ತವೆ. ಜೀವಶಾಸ್ತ್ರದ ವಿಭಾಗದಲ್ಲಿ ಸತ್ತ ಕಪ್ಪೆಗಳನ್ನು ಕೆಡದಂತೆ ಇರಿಸುವ ಫಾರ್ಮಲಿನ್ನಿನಲ್ಲಿರುವುದು ಈ ಫಾರ್ಮಾಲ್ಡಿಹೈಡೇ. ಸುರುಳಿಯ ಲೋಹವೂ ನಿರಪರಾಧಿಯಲ್ಲ: ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಇಂತಹ ಉಪಕರಣಗಳ ಆವಿಯಲ್ಲಿ ಸೀಸ, ನಿಕ್ಕಲ್, ಕ್ರೋಮಿಯಮುಗಳನ್ನು ಕಂಡರು. ನಿಕೋಟಿನ್ನಿನ ಮಾತನ್ನು ನಾವಿನ್ನೂ ಎತ್ತಿಯೇ ಇಲ್ಲ.

ಇದನ್ನೆಲ್ಲ ತರಗತಿಯಲ್ಲಿ ಹೇಳಿದರೆ ಹುಡುಗರಿಗೆ ದಾರಿ ತೋರಿದಂತಾಗದೆ ಎಂದು ಹಿರಿಯ ಮಿತ್ರರು ಆಕ್ಷೇಪಿಸಬಹುದು. ದಾರಿ ಅವರಿಗೆ ಆಗಲೇ ತಿಳಿದಿದೆ. ತಿಳಿಯದಿರುವುದು ದಾರಿಯ ಹೊಂಡ. ಆದ್ದರಿಂದ ಪ್ರತಿಯೊಂದು ಕಾಲೇಜಿನ ಪ್ರಯೋಗಶಾಲೆಯಲ್ಲಿಯೂ ಸುರುಳಿ-ಬತ್ತಿಯ ಪ್ರಯೋಗವೊಂದು ಇರಲೇಬೇಕೆಂದು ನಮ್ಮ ಸೂಚನೆ. 0.4 ಮಿಲಿಮೀಟರ್ ವ್ಯಾಸದ ನೈಕ್ರೋಮ್ ತಂತಿಯ ರೋಧ ಮೀಟರಿಗೆ ಸುಮಾರು 9 ಓಮ್. ಅರ್ಧ ಮೀಟರ್ ತಂತಿ ಸಾಕು. ಅದಕ್ಕೆ ನೀರಿನಲ್ಲಿ ಅದ್ದಿದ ಬತ್ತಿಯನ್ನು ತೂರಿಸಿ, ನಿಯಂತ್ರಕದ ಮೂಲಕ ಅಲ್ಪ ಪ್ರವಾಹವನ್ನು ಹಾಯಿಸಿ, ಉಷ್ಣಯುಗ್ಮದಿಂದ ನಿಮಿಷ ನಿಮಿಷಕ್ಕೂ ಉಷ್ಣತೆಯನ್ನು ಬರೆದುಕೊಳ್ಳಲಿ. ದ್ರವ ನೀರೇ ಇರಲಿ, ಅಧ್ಯಾಪಕರು ಪಕ್ಕದಲ್ಲಿರಲಿ. ರೇಖಾಚಿತ್ರ ಮೊದಲು ಏರಿ, 100 ಡಿಗ್ರಿಯೊಳಗೆ ಸಮತಟ್ಟಾಗಿ ಸಾಗಿ, ಬತ್ತಿ ಒಣಗಿದ ಕ್ಷಣದಲ್ಲಿ ಕಡಿದಾಗಿ ಮೇಲಕ್ಕೆ ತಿರುಗುತ್ತದೆ. ಆ ತಿರುವಿನಲ್ಲಿಯೇ ಸ್ವಿಚ್ಚನ್ನು ಆರಿಸಬೇಕು.