ಮಳೆಯ ಲೆಕ್ಕವೂ ಗಡಿಯ ಗೆರೆಯೂ

‘ಮೊದಲಿನಂಥ ಮಳೆ ಈಗಿಲ್ಲ’ ಎಂಬ ಮಾತನ್ನು ಜಳಕೋಟ, ಉದಗೀರ ಸೀಮೆಯಲ್ಲಿ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಕೇಳುತ್ತೇವೆ. ಇದನ್ನು ತಳ್ಳಿಹಾಕುವುದು ಉದ್ಧಟತನ. ಪರೀಕ್ಷಿಸದೆ ಒಪ್ಪುವುದು ಆಲಸ್ಯ. ನೆನಪು 1972ರ ಬರವನ್ನು ಹಿಡಿದಿಟ್ಟುಕೊಂಡು ಸಾಧಾರಣ ವರ್ಷಗಳನ್ನು ಬಿಟ್ಟುಬಿಡುತ್ತದೆ. 2016ರ ಏಪ್ರಿಲ್‌ನಲ್ಲಿ ಮೀರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ಬಂದಿತು. ಅದೇ ಮಳೆಗಾಲದ ಕೊನೆಗೆ ಮಾಂಜರಾ ತುಂಬಿತು. ಇವುಗಳಲ್ಲಿ ಒಂದನ್ನೇ ಹಿಡಿದು ಮಳೆಯ ಗತಿಯನ್ನು ಹೇಳಲಾಗದು. ಹವಾಮಾನಶಾಸ್ತ್ರವು ಮೂವತ್ತು ವರ್ಷಗಳ ಸರಾಸರಿಯನ್ನು ಆಧಾರವಾಗಿ ಇಟ್ಟುಕೊಂಡಿರುವುದು ಈ ಕಾರಣದಿಂದಲೇ.

ದಾಖಲೆಯನ್ನು ಓದುವುದಕ್ಕೂ ಎಚ್ಚರ ಬೇಕು. 1956ರವರೆಗೆ ಉದಗೀರ, ನಿಲಂಗಾ ತಾಲೂಕುಗಳು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಅವು ಮುಂಬಯಿ ರಾಜ್ಯಕ್ಕೆ ಸೇರಿ ಉಸ್ಮಾನಾಬಾದ ಜಿಲ್ಲೆಯ ಭಾಗವಾದವು. 1982ರಲ್ಲಿ ಲಾತೂರ ಜಿಲ್ಲೆಯ ಪಾಲಾದವು. ಹಾಗಾದರೆ 1950ರ ‘ಬೀದರ ಜಿಲ್ಲೆ’ಯ ಸರಾಸರಿಯನ್ನು ಇಂದಿನದರೊಡನೆ ಹೋಲಿಸಬಹುದೇ? ಹೆಸರು ಒಂದೇ, ನೆಲ ಬೇರೆ. ಕಂಡ ವ್ಯತ್ಯಾಸ ಮೋಡದ್ದೋ ನಕ್ಷೆಯದ್ದೋ ಎಂಬುದು ತಿಳಿಯದು. ಆದ್ದರಿಂದ ಜಿಲ್ಲೆಯ ಹೆಸರನ್ನು ಬಿಟ್ಟು, ಒಂದೇ ಊರಿನ ಮಳೆಮಾಪಕದ ಲೆಕ್ಕವನ್ನು ದಶಕಗಳ ಉದ್ದಕ್ಕೂ ಹಿಂಬಾಲಿಸಬೇಕು.

ವರ್ಷದ ಮೊತ್ತವೊಂದೇ ಸಾಲದು. 700 ಮಿಲಿಮೀಟರ್ ಮಳೆ ಐವತ್ತು ದಿನ ಹಂಚಿ ಬಿದ್ದರೆ ಬೆಳೆ. ಹದಿನೈದೇ ದಿನ ಸುರಿದರೆ ಮಣ್ಣು ಕೊಚ್ಚಿಹೋಗುತ್ತದೆ. ಮೊತ್ತಕ್ಕೆ ಎರಡೂ ಸಮಾನ, ರೈತನಿಗಲ್ಲ. ಮಿರಗದ ಮಳೆ ತೊಗರಿ, ಉದ್ದಿನ ಬಿತ್ತನೆಗೆ. ಉತ್ತರೆ, ಹಸ್ತದ ಮಳೆ ಹಿಂಗಾರಿ ಜೋಳಕ್ಕೆ. ಹದಿಮೂರು, ಹದಿನಾಲ್ಕು ದಿನಗಳಿಗೊಮ್ಮೆ ಬದಲಾಗುವ ಈ ಮಳೆನಕ್ಷತ್ರಗಳು ‘ಎಷ್ಟು’ ಎಂಬುದಕ್ಕಿಂತ ‘ಯಾವಾಗ’ ಎಂದು ಕೇಳುತ್ತವೆ. 2.5 ಮಿಲಿಮೀಟರಿಗೆ ಕಡಿಮೆಯಿಲ್ಲದ ಮಳೆ ಬಿದ್ದ ದಿನಗಳನ್ನು ಹವಾಮಾನ ಇಲಾಖೆ ಪ್ರತ್ಯೇಕವಾಗಿ ಎಣಿಸುವುದರ ಹಿಂದೆಯೂ ಮಳೆಯ ಹಂಚಿಕೆಯ ವಿಚಾರವೇ ಇದೆ.

ಇಲ್ಲಿ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಕೆಲಸವಿದೆ. ಮಳೆಯ ಗಾದೆಗಳನ್ನು ಸಂಗ್ರಹಿಸಿ ಅರ್ಥ ಬರೆದರೆ ಜಾನಪದದ ಅಧ್ಯಯನ ಮುಗಿಯಿತೆಂದು ನಾವು ಭಾವಿಸುತ್ತೇವೆ. ನನ್ನ ಅಭಿಪ್ರಾಯದಲ್ಲಿ ಅದು ಅಲ್ಲಿಂದ ಆರಂಭವಾಗಬೇಕು. ನಿಮ್ಮ ಮನೆಗಳ ಹಳೆಯ ಲೆಕ್ಕದ ವಹಿಗಳಲ್ಲಿ, ಪಂಚಾಂಗದ ಅಂಚುಗಳಲ್ಲಿ ಬಿತ್ತನೆಯ ದಿನ ಬರೆದಿಟ್ಟಿದ್ದರೆ ಊರು, ವರ್ಷ, ನಕ್ಷತ್ರಗಳೊಡನೆ ನಕಲಿಸಿಕೊಳ್ಳಿ. ಹೇಳಿದವರ ಮಾತನ್ನು ಅವರ ಭಾಷೆಯಲ್ಲಿಯೇ ಬರೆದುಕೊಳ್ಳಿ. ಅನಂತರ ಮಳೆಮಾಪಕದ ಅಂಕಿಗಳ ಪಕ್ಕದಲ್ಲಿಟ್ಟು ನೋಡಿ. ಬರದ ಘೋಷಣೆಯೂ ಬೆಳೆವಿಮೆಯ ಪರಿಹಾರವೂ ಅಂಕಿಗಳನ್ನೇ ಅವಲಂಬಿಸಿರುವ ಕಾಲದಲ್ಲಿ, ಅಂಕಿಯನ್ನೂ ಮಾತನ್ನೂ ಒಟ್ಟಿಗೆ ಓದಬಲ್ಲವರು ಈ ಸೀಮೆಗೆ ಬೇಕು. ಎರಡು ಭಾಷೆ ಬಲ್ಲ ನೀವು ಆ ಕೆಲಸಕ್ಕೆ ತಕ್ಕವರು.